ಸ್ಕೂಲ್ ಬಿಟ್ಟಾಗಿನಿಂದ ಮನೆ ಬಾಗಿಲವರೆಗೆ: ಮಕ್ಕಳ ಸುರಕ್ಷತೆಗೆ ತಂತ್ರಜ್ಞಾನ, ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯೊಂದರಲ್ಲಿ ಬಸ್ಸು, ವ್ಯಾನುಗಳ ಉಸ್ತುವಾರಿ ನನ್ನದು. ಕೊನೆಯ ಬೆಲ್ ಹೊಡೆದ ಮೇಲೆ ಗೇಟಿನ ಹತ್ತಿರ ಒಂದು ಕೈಯಲ್ಲಿ ಟ್ಯಾಬ್, ಇನ್ನೊಂದು ಕೈಯಲ್ಲಿ ಹೆಸರಿನ ಪಟ್ಟಿ ಹಿಡಿದು ಕೂಗಾಡುವವನು ನಾನೇ. ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ಥರ ಇರುತ್ತವೆ. ಫೋನಿನಲ್ಲಿ ಅರ್ಧಂಬರ್ಧ ಹೇಳುವ ಬದಲು ಇಲ್ಲಿ ಸಮಾಧಾನವಾಗಿ ಬರೆದಿದ್ದೇನೆ.

ಮಗು ಇಡೀ ದಿನ ಶಾಲೆಯಲ್ಲೇ ಇರುತ್ತದೆ. ಬಿಡುವ ಹೊತ್ತಿಗೆ ಮಾತ್ರ ಯಾಕೆ ಇಷ್ಟು ತಲೆಬಿಸಿ?

ತರಗತಿಯಲ್ಲಿ ಮಗು ಒಬ್ಬ ಟೀಚರ್ ಕಣ್ಣೆದುರು ಇರುತ್ತದೆ. ಬೆಲ್ ಹೊಡೆದ ಮೇಲೆ ಕೈ ಬದಲಾಗುತ್ತಾ ಹೋಗುತ್ತದೆ. ಟೀಚರ್ ಕೈಯಿಂದ ಗೇಟಿನವರಿಗೆ, ಅಲ್ಲಿಂದ ಬಸ್ಸಿನ ಅಟೆಂಡರ್‌ಗೆ, ಕೊನೆಗೆ ಸ್ಟಾಪಿನಲ್ಲಿ ಕಾಯುತ್ತಿರುವವರಿಗೆ. ಎಡವಟ್ಟು ಆಗುವುದು ಎರಡು ಕೈಗಳ ನಡುವೆ. ‘ಅವರು ನೋಡಿಕೊಂಡಿರುತ್ತಾರೆ ಬಿಡು’ ಅಂತ ಇವರು, ‘ಇವರು ನೋಡಿಕೊಂಡಿರುತ್ತಾರೆ’ ಅಂತ ಅವರು.

ಹಾಗಾಗಿ ಯಾವುದೇ ಆಪ್, ಕಾರ್ಡ್, ಕ್ಯಾಮೆರಾ ಬಂದರೂ ನಾನು ಕೇಳುವುದು ಒಂದೇ: ಮಗುವನ್ನು ಯಾರು ಯಾರಿಗೆ ಒಪ್ಪಿಸಿದರು, ಎಷ್ಟು ಹೊತ್ತಿಗೆ ಒಪ್ಪಿಸಿದರು ಅನ್ನುವುದನ್ನು ಇದು ಬರೆದಿಡುತ್ತದಾ? ಉಳಿದ ಬಣ್ಣ ಬಣ್ಣದ ಮ್ಯಾಪು, ಗ್ರಾಫು ಎಲ್ಲ ಆಮೇಲಿನ ಮಾತು.

ಬಸ್ಸಿಗೆ ಜಿಪಿಎಸ್ ಹಾಕಿಸಿದ್ದಾರೆ. ಅಷ್ಟು ಸಾಕಲ್ವಾ?

ಬಸ್ ಎಲ್ಲಿದೆ ಅಂತ ತಿಳಿಯಲು ಸಾಕು. ಮಗು ಎಲ್ಲಿದೆ ಅಂತ ತಿಳಿಯಲು ಸಾಲದು. ಈ ಎರಡನ್ನೂ ಒಂದೇ ಅಂದುಕೊಳ್ಳುವವರೇ ಜಾಸ್ತಿ.

ಜಿಪಿಎಸ್ ಕೆಲಸ ಮಾಡುವ ರೀತಿ ಗೊತ್ತಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ ಸಿಗ್ನಲ್ ಬಿಡುತ್ತಿರುತ್ತವೆ. ಬಸ್ಸಿನೊಳಗಿನ ಪುಟ್ಟ ಡಬ್ಬಿ ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕಿಕೊಳ್ಳುತ್ತದೆ. ಉಪಗ್ರಹಕ್ಕೆ ನಮ್ಮ ಬಸ್ಸಿನ ಸುದ್ದಿಯೇ ಗೊತ್ತಿರುವುದಿಲ್ಲ. ಲೆಕ್ಕ ಹಾಕಿದ್ದನ್ನು ನಿಮ್ಮ ಫೋನಿಗೆ ತಲುಪಿಸಲು ಆ ಡಬ್ಬಿಯಲ್ಲಿ ಒಂದು ಸಿಮ್ ಕಾರ್ಡ್ ಬೇಕು, ದಾರಿಯಲ್ಲಿ ನೆಟ್‌ವರ್ಕ್ ಸಿಗಬೇಕು. ಆಕಾಶ ಕಾಣುವ ಬಯಲಿನಲ್ಲಿ ಕೆಲವೇ ಮೀಟರ್ ಹೆಚ್ಚು ಕಡಿಮೆಯಾಗಬಹುದು. ಎತ್ತರದ ಕಟ್ಟಡಗಳ ನಡುವೆ ಸಿಗ್ನಲ್ ಗೋಡೆಗೆ ಬಡಿದು ಬರುವುದರಿಂದ ಬಸ್ ಪಕ್ಕದ ರಸ್ತೆಯಲ್ಲಿದೆ ಅಂತ ತೋರಿಸಲೂಬಹುದು.

ಆಪಿನಲ್ಲಿ ಬಸ್ ಇನ್ನೂ ತಿರುವಿನಲ್ಲೇ ಇತ್ತು. ಹೊರಗೆ ಬಂದು ನೋಡಿದರೆ ಸ್ಟಾಪ್ ದಾಟಿ ಹೋಗಿತ್ತು! ಯಾಕೆ?

‘ಲೈವ್’ ಅಂತ ಬರೆದಿದ್ದರೂ ಅದು ಸ್ವಲ್ಪ ಹಳಸಲೇ. ತುಂಬ ಟ್ರ್ಯಾಕರ್‌ಗಳು ಪ್ರತಿ ಕ್ಷಣ ಲೊಕೇಶನ್ ಕಳಿಸುವುದಿಲ್ಲ, ಕೆಲವು ಸೆಕೆಂಡಿಗೊಮ್ಮೆ ಕಳಿಸುತ್ತವೆ. 30 ಸೆಕೆಂಡಿಗೊಮ್ಮೆ ಕಳಿಸುತ್ತದೆ ಅಂದುಕೊಳ್ಳಿ. ಗಂಟೆಗೆ 40 ಕಿಲೋಮೀಟರ್ ವೇಗದ ಬಸ್ ಅಷ್ಟರಲ್ಲಿ ಸುಮಾರು 330 ಮೀಟರ್ ಮುಂದೆ ಹೋಗಿರುತ್ತದೆ. ನೆಟ್‌ವರ್ಕ್ ಕೈಕೊಟ್ಟರೆ ಕೇಳುವುದೇ ಬೇಡ.

ಮ್ಯಾಪಿನ ಮೇಲಿನ ಬಸ್ಸಿಗಿಂತ ಅದರ ಪಕ್ಕ ‘ಕೊನೆಯ ಅಪ್‌ಡೇಟ್’ ಅಂತ ಇರುವ ಸಮಯ ನೋಡಿ. ಆ ಸಮಯವನ್ನೇ ತೋರಿಸದ ಆಪ್ ಆದರೆ ಶಾಲೆಗೆ ದೂರು ಕೊಡಿ. ಹೊರಡಬೇಕಾದ ಹೊತ್ತನ್ನು ಆಪ್ ನೋಡಿ ನಿರ್ಧರಿಸಬೇಡಿ. 5 ನಿಮಿಷ ಮೊದಲೇ ಹೋಗಿ ನಿಂತುಬಿಡಿ.

ಟ್ರ್ಯಾಕರ್ ತುಂಬ ಹಳೆಯದಾಗಿದ್ದರೆ ಅದೂ ಒಂದು ಕಾರಣ. ಹಲವು ದೇಶಗಳಲ್ಲಿ 2ಜಿ, 3ಜಿ ನೆಟ್‌ವರ್ಕ್‌ಗಳನ್ನು ನಿಲ್ಲಿಸಿದ್ದಾರೆ, ನಿಲ್ಲಿಸುತ್ತಲೂ ಇದ್ದಾರೆ. ಅದನ್ನೇ ನಂಬಿಕೊಂಡ ಡಬ್ಬಿಗಳು ಆಮೇಲೆ ಸುಮ್ನೆ ದೀಪ ಮಿಣುಕಿಸುತ್ತಾ ಕೂತಿರುತ್ತವೆ.

ಹತ್ತುವಾಗ ಇಳಿಯುವಾಗ ಮಕ್ಕಳು ಕಾರ್ಡ್ ಟ್ಯಾಪ್ ಮಾಡುತ್ತಾರೆ. ಮೆಸೇಜೂ ಬರುತ್ತದೆ. ಇನ್ನೇನು ಭಯ?

ನಮ್ಮಲ್ಲೇ ನಡೆದದ್ದನ್ನು ಹೇಳುತ್ತೇನೆ. ಒಂದು ದಿನ ಬಸ್ ಹೊರಡುವ ಹೊತ್ತು. ಟ್ಯಾಬಿನಲ್ಲಿ 31 ಅಂತ ಹಸಿರು ಬಣ್ಣದಲ್ಲಿ ಬಂತು. ಹತ್ತಬೇಕಾದವರೂ 31. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ್ದರು. ಅಟೆಂಡರ್ ಮಾತ್ರ ಎಂದಿನಂತೆ ಸೀಟಿನ ಸಾಲುಗಳ ನಡುವೆ ಬೆರಳು ಮಡಚುತ್ತಾ ಹೋದರು. 30 ಬಂತು. ಮತ್ತೆ ಎಣಿಸಿದರು. ಮತ್ತೆ 30.

ವಿಷಯ ಇಷ್ಟೇ. ಎರಡನೇ ತರಗತಿಯ ಹುಡುಗಿಯೊಬ್ಬಳು ‘ಬೇಗ ಬರ್ತೀನಿ, ಜಾಗ ಹಿಡಿ’ ಅಂತ ಬ್ಯಾಗನ್ನು ಗೆಳತಿಯ ಕೈಗೆ ಕೊಟ್ಟು ಟಾಯ್ಲೆಟ್ಟಿಗೆ ಹೋಗಿದ್ದಳು. ಕಾರ್ಡ್ ಬ್ಯಾಗಿಗೇ ಕಟ್ಟಿತ್ತು. ಗೆಳತಿ ಒಳ್ಳೆಯ ಮನಸ್ಸಿನಿಂದ ಎರಡೂ ಕಾರ್ಡ್ ಟ್ಯಾಪ್ ಮಾಡಿದ್ದಳು. ಆ ಹುಡುಗಿಯ ಅಮ್ಮನ ಫೋನಿಗೆ ‘ನಿಮ್ಮ ಮಗು ಬಸ್ ಹತ್ತಿದೆ’ ಅಂತ ಮೆಸೇಜ್ ಹೋಗಿಯೂ ಆಗಿತ್ತು. ಮಗು ಇನ್ನೂ ಕೈ ತೊಳೆಯುತ್ತಿತ್ತು.

ಕಾರ್ಡ್ ರೀಡರ್ ಸುಳ್ಳು ಹೇಳಲಿಲ್ಲ. ಕಾರ್ಡ್ ಬಂತು ಅಂದಿತು, ಕಾರ್ಡ್ ಬಂದಿತ್ತು. ಅದನ್ನು ಮಗು ಬಂತು ಅಂತ ಓದಿಕೊಂಡವರು ನಾವು. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ ಇದೆ. ಟ್ಯಾಬಿನ ಸಂಖ್ಯೆ, ಅಟೆಂಡರ್ ತಲೆ ಎಣಿಸಿದ ಸಂಖ್ಯೆ ಎರಡೂ ತಾಳೆಯಾಗದೆ ಗಾಡಿ ಹೊರಡುವಂತಿಲ್ಲ. ಎಣಿಸಿದ ಸಂಖ್ಯೆಯನ್ನು ಅಟೆಂಡರ್ ತಾವೇ ಟೈಪ್ ಮಾಡಬೇಕು. ಟ್ಯಾಬಿನ ಸಂಖ್ಯೆ ಅವರಿಗೆ ಮೊದಲೇ ಕಾಣುವುದಿಲ್ಲ. ಕಂಡರೆ ಸಂಜೆಯ ಸುಸ್ತಿನಲ್ಲಿ ಅದನ್ನೇ ನೋಡಿ ಹಾಕಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಕಾರ್ಡನ್ನು ಬ್ಯಾಗಿಗೆ ಕಟ್ಟುವುದನ್ನೂ ನಿಲ್ಲಿಸಿದೆವು.

ಯಾವ ಥರದ ಕಾರ್ಡ್ ಒಳ್ಳೆಯದು?

ಮೂರು ಥರ ಸಿಗುತ್ತವೆ. ಒಂದು, ರೀಡರ್‌ಗೆ ತಾಗಿಸುವಂಥದ್ದು. 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಕೆಲವೇ ಸೆಂಟಿಮೀಟರ್ ದೂರದಿಂದ ಓದುತ್ತದೆ, ಬ್ಯಾಟರಿ ಬೇಡ. ಎರಡನೆಯದು ಯುಎಚ್‌ಎಫ್, ಅಂದರೆ ಇನ್ನೂ ಹೆಚ್ಚಿನ ಆವರ್ತನದ ರೇಡಿಯೋ ಅಲೆ ಬಳಸುವ ಕಾರ್ಡ್. ಕೆಲವು ಮೀಟರ್ ದೂರದಿಂದಲೇ ಓದುತ್ತದೆ, ಮಗು ನಿಲ್ಲಬೇಕಾಗಿಲ್ಲ. ಕೇಳಲು ಚೆನ್ನಾಗಿದೆ, ಆದರೆ ಬಾಗಿಲ ಹತ್ತಿರ ಸುಮ್ನೆ ಹಾದುಹೋದ ಮಗುವನ್ನೂ ‘ಹತ್ತಿದೆ’ ಅಂತ ಬರೆದುಕೊಳ್ಳಬಹುದು. ಮೈಗೆ ಒತ್ತಿಕೊಂಡಿದ್ದರೆ ಓದದೆಯೂ ಹೋಗಬಹುದು, ಯಾಕೆಂದರೆ ದೇಹದಲ್ಲಿರುವ ನೀರು ಆ ಅಲೆಗಳನ್ನು ಹೀರಿಕೊಳ್ಳುತ್ತದೆ. ಮೂರನೆಯದು ಬ್ಲೂಟೂತ್ ಟ್ಯಾಗ್. ಅದಕ್ಕೆ ಬ್ಯಾಟರಿ ಬೇಕು, ಬ್ಯಾಟರಿ ಖಾಲಿಯಾಗುವುದು ಯಾವಾಗಲೂ ಪರೀಕ್ಷೆಯ ದಿನವೇ!

ನನಗೆ ಕೇಳಿದರೆ ತಾಗಿಸುವ ಕಾರ್ಡೇ ವಾಸಿ. ಮಗು ಒಂದು ಕ್ಷಣ ನಿಲ್ಲುತ್ತದೆ, ಆ ಕ್ಷಣದಲ್ಲಿ ಅಟೆಂಡರ್ ಅದರ ಮುಖ ನೋಡುತ್ತಾರೆ. ಕಾರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಮಗುವಿನ ಹೆಸರು, ವಿಳಾಸ ಅಚ್ಚು ಹಾಕಿಸಬೇಡಿ. ಹೆಸರು ಹಿಡಿದು ಕರೆದವರನ್ನು ಪುಟ್ಟ ಮಕ್ಕಳು ಪರಿಚಯದವರು ಅಂದುಕೊಳ್ಳುತ್ತಾರೆ.

ಮುಖ ಗುರುತಿಸುವ ಕ್ಯಾಮೆರಾ ಹಾಕಿಬಿಟ್ಟರೆ ಈ ಕಾರ್ಡಿನ ರಗಳೆಯೇ ಇಲ್ಲವಲ್ಲ?

ರಗಳೆ ಬೇರೆ ಬರುತ್ತದೆ. ಕಾರ್ಡ್ ಕಳೆದರೆ ಹೊಸದು ಕೊಡಬಹುದು. ಮುಖದ ಅಳತೆಗಳು ಸೋರಿಹೋದರೆ ಹೊಸ ಮುಖ ಕೊಡುವುದು ಹೇಗೆ? ಸ್ವೀಡನ್ನಿನ ಶೆಲೆಫ್ಟಿಯೋ ಎಂಬಲ್ಲಿ ಪ್ರೌಢಶಾಲೆಯೊಂದು 22 ಮಕ್ಕಳ ಹಾಜರಿಯನ್ನು ಹೀಗೆ ಮುಖ ನೋಡಿ ಹಾಕಲು ಹೊರಟಿತ್ತು. 2019ರಲ್ಲಿ ಅಲ್ಲಿನ ಡೇಟಾ ರಕ್ಷಣಾ ಪ್ರಾಧಿಕಾರ ಅದಕ್ಕೆ 2 ಲಕ್ಷ ಕ್ರೋನಾ ದಂಡ ಹಾಕಿತು. ಪೋಷಕರ ಒಪ್ಪಿಗೆ ಇತ್ತು ಅಂದರೂ ಪ್ರಾಧಿಕಾರ ಒಪ್ಪಲಿಲ್ಲ. ಶಾಲೆ ಕೇಳಿದಾಗ ‘ಬೇಡ’ ಅನ್ನಲು ಪೋಷಕರಿಗೆ ನಿಜವಾಗಿಯೂ ಸ್ವಾತಂತ್ರ್ಯ ಇರುತ್ತದಾ ಅನ್ನುವುದು ಅವರ ತಕರಾರು. ನನಗೂ ಅದು ಸರಿ ಅನ್ನಿಸುತ್ತದೆ. ಹಾಜರಿ ಹಾಕಲು ಇದಕ್ಕಿಂತ ಸರಳ ದಾರಿ ಬೇಕಾದಷ್ಟಿವೆ.

ಇವತ್ತು ನಾನು ಬರಲಾಗುವುದಿಲ್ಲ, ನನ್ನ ತಮ್ಮನನ್ನು ಕಳಿಸುತ್ತೇನೆ. ಫೋನ್ ಮಾಡಿ ಹೇಳಿದರೆ ಸಾಲದಾ?

ಸಾಲದು. ಬೇಜಾರಾಗಬೇಡಿ.

ಫೋನಿನಲ್ಲಿ ಕೇಳಿಸುವ ದನಿಯನ್ನು ನಂಬುವ ಕಾಲ ಮುಗಿಯಿತು. ಯಾರದೋ ವಿಡಿಯೋದಿಂದ ಕೆಲವು ಸೆಕೆಂಡಿನ ಮಾತು ಸಿಕ್ಕರೆ ಸಾಕು, ಅದೇ ದನಿಯಲ್ಲಿ ಬೇಕಾದ ಮಾತು ಆಡಿಸುವ ಸಾಫ್ಟ್‌ವೇರ್‌ಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಯಾವ ನಂಬರಿನಿಂದ ಕರೆ ಬಂತು ಅನ್ನುವುದನ್ನೂ ನಕಲಿ ಮಾಡಬಹುದು. ಅದಕ್ಕೇ ನೀವು ಕರೆ ಮಾಡಿದರೂ ನಾವು ಕರೆ ಕಟ್ ಮಾಡಿ, ನಮ್ಮ ದಾಖಲೆಯಲ್ಲಿರುವ ನಿಮ್ಮ ನಂಬರಿಗೆ ವಾಪಸ್ ಮಾಡುತ್ತೇವೆ.

ಆಪ್ ಇದ್ದರೆ ಕೆಲಸ ಇನ್ನೂ ಸುಲಭ. ಮಗುವನ್ನು ಕರೆದುಕೊಂಡು ಹೋಗಬಹುದಾದವರ ಹೆಸರು, ಫೋಟೋ ಮೊದಲೇ ಹಾಕಿಡಿ. ಆ ದಿನ ಯಾರು ಬರುತ್ತಾರೆ ಅಂತ ಆರಿಸಿದರೆ ಅವರ ಫೋನಿಗೆ ಒಂದು ಕೋಡ್ ಹೋಗುತ್ತದೆ. ಗೇಟಿನಲ್ಲಿ ಕೋಡ್ ಸ್ಕ್ಯಾನ್ ಮಾಡಿದಾಗ ನಮ್ಮ ಟ್ಯಾಬಿನಲ್ಲಿ ಅವರ ಫೋಟೋ ಬರುತ್ತದೆ. ಕೋಡ್ ಒಂದೇ ಸಲಕ್ಕೆ, ಆ ದಿನಕ್ಕೆ ಮಾತ್ರ ನಡೆಯುವಂತಿರಬೇಕು. ವರ್ಷವಿಡೀ ಒಂದೇ ಕ್ಯೂಆರ್ ಆದರೆ ಅದರ ಸ್ಕ್ರೀನ್‌ಶಾಟ್ ಎಲ್ಲೆಲ್ಲಿ ಓಡಾಡುತ್ತದೋ ಹೇಳುವವರಿಲ್ಲ. ಕೋಡ್ ಸರಿಯಿದ್ದು ಮುಖ ಬೇರೆಯಾದರೆ ಮಗುವನ್ನು ಕಳಿಸುವುದಿಲ್ಲ.

ಇದರ ಜೊತೆ ಮನೆಯಲ್ಲಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ‘ಅಮ್ಮ ಕಳಿಸಿದ್ದಾರೆ ಬಾ’ ಅಂದವರನ್ನು ಮಗು ಆ ಮಾತು ಕೇಳಬೇಕು. ಹೇಳದಿದ್ದರೆ ಸೀದಾ ಟೀಚರ್ ಹತ್ತಿರ ವಾಪಸ್ ಹೋಗಬೇಕು. ಒಮ್ಮೆ ಬಳಸಿದ ಮೇಲೆ ಮಾತು ಬದಲಿಸಿ.

ನಾವು ಬೇರೆಯಾಗಿದ್ದೇವೆ. ಮಗುವನ್ನು ಯಾರ ಜೊತೆ ಕಳಿಸಬೇಕು ಅನ್ನುವ ತಕರಾರು ಇದೆ.

ಕೋರ್ಟಿನ ಆದೇಶದ ಪ್ರತಿಯನ್ನು ಶಾಲೆಗೆ ಕೊಡಿ. ಬಾಯಿಮಾತಿನ ಮೇಲೆ ನಾವು ಒಬ್ಬ ಪೋಷಕರನ್ನು ತಡೆಯಲು ಬರುವುದಿಲ್ಲ. ಆಪಿನ ಲಾಗಿನ್ ಇಬ್ಬರಿಗೂ ಬೇರೆ ಬೇರೆ ಮಾಡಿಸಿಕೊಳ್ಳಿ, ಹಳೆಯ ಪಾಸ್‌ವರ್ಡ್ ಬದಲಿಸಿ. ಬಸ್ಸಿನ ಲೊಕೇಶನ್ ಯಾರ ಯಾರ ಫೋನಿನಲ್ಲಿ ಕಾಣುತ್ತಿದೆ ಅಂತ ಒಮ್ಮೆ ನೋಡಿಬಿಡಿ.

ಮಗು ಬಸ್ಸಿನಲ್ಲೇ ನಿದ್ದೆ ಹೋಗಿ ಅಲ್ಲೇ ಉಳಿದುಬಿಟ್ಟರೆ?

ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಇದು.

ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ 10 ನಿಮಿಷದಲ್ಲೇ ಬಿಸಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಹುದು. ಕಿಟಕಿ ಒಂದು ಬೆರಳಷ್ಟು ತೆರೆದಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ. ಪುಟ್ಟ ಮಕ್ಕಳ ಮೈ ದೊಡ್ಡವರಿಗಿಂತ 3ರಿಂದ 5 ಪಟ್ಟು ಬೇಗ ಬಿಸಿಯಾಗುತ್ತದೆ. ಹಾಗಾಗಿ ‘ಅರ್ಧ ಗಂಟೆ ತಾನೇ’ ಅನ್ನುವ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಇದಕ್ಕೆ ನಾನು ಮೆಚ್ಚಿದ ಸಾಧನ ಬಹಳ ಸರಳ. ಡ್ರೈವರ್ ಕೀ ತಿರುಗಿಸಿ ಎಂಜಿನ್ ಆಫ್ ಮಾಡಿದ ಕೂಡಲೇ ಬಸ್ಸಿನಲ್ಲಿ ಒಂದು ಅಲಾರಂ ಕೂಗಲು ಶುರುವಾಗುತ್ತದೆ. ಅದನ್ನು ನಿಲ್ಲಿಸುವ ಬಟನ್ ಇರುವುದು ಕಟ್ಟಕಡೆಯ ಸೀಟಿನ ಹತ್ತಿರ. ನಡೆದುಕೊಂಡು ಹೋಗಲೇಬೇಕು. ಹೋಗುವಾಗ ಎಡಬಲ ನೋಡಲೇಬೇಕು, ಸೀಟಿನ ಕೆಳಗೂ ಬಗ್ಗಬೇಕು. ಮಲಗಿದ ಮಗು ಸೀಟಿನ ಮಟ್ಟಕ್ಕಿಂತ ಕೆಳಗಿರುತ್ತದೆ, ಮುಂದಿನ ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಒಬ್ಬ ಡ್ರೈವರ್ ಮೊದಲ ವಾರ ನನ್ನ ಮೇಲೆ ಗೊಣಗುತ್ತಿದ್ದರು. ಎರಡನೇ ವಾರ ಅವರಿಗೆ ಕೊನೆಯ ಸೀಟಿನ ಕೆಳಗೆ ಒಂದು ಶೂ, ನೀರಿನ ಬಾಟಲಿ, ಅರ್ಧ ಪೆನ್ಸಿಲ್ ಡಬ್ಬಿ ಸಿಕ್ಕವು. ಶೂ ಉಳಿಯಬಹುದಾದ ಜಾಗದಲ್ಲಿ ಮಗುವೂ ಉಳಿಯಬಹುದು ಅಂತ ಅವರೇ ಹೇಳಿದರು. ಗೊಣಗಾಟ ನಿಂತಿತು.

ಇನ್ನೂ ಮುಂದಿನದು ರಾಡಾರ್ ಸೆನ್ಸರ್. 60 ಗಿಗಾಹರ್ಟ್ಸ್ ಅಲೆಗಳಿಂದ ಉಸಿರಾಟದಲ್ಲಿ ಎದೆ ಏರಿಳಿಯುವುದನ್ನೂ ಹಿಡಿಯುತ್ತದೆ. ಹೊದಿಕೆಯೊಳಗೆ ಮಲಗಿದ ಕೂಸನ್ನೂ ಬಿಡುವುದಿಲ್ಲ. ಯುರೋಪಿನಲ್ಲಿ ಕಾರುಗಳ ಸುರಕ್ಷತೆ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆ 2023ರಿಂದ ಇಂಥ ವ್ಯವಸ್ಥೆಗೆ ಅಂಕ ಕೊಡುತ್ತಿದೆ.

ಹಾಗೇ ಬೆಳಗ್ಗೆಯೂ ಇನ್ನೊಂದು ಕಾವಲು ಬೇಕು. ಮಗು ತರಗತಿಗೆ ಬಂದಿಲ್ಲ, ರಜೆಯ ಮಾಹಿತಿಯೂ ಇಲ್ಲ ಅಂದರೆ ಹಾಜರಿ ಹಾಕಿದ ಕೂಡಲೇ ಮನೆಗೆ ಮೆಸೇಜ್ ಹೋಗಬೇಕು. ಸಂಜೆ ಗೊತ್ತಾದರೆ ಏನು ಬಂತು?

ಬಸ್ಸಿನೊಳಗೆ ಕ್ಯಾಮೆರಾ, ಬೆಲ್ಟ್ ಎಲ್ಲ ಇದೆ. ಹೊರಗೆ?

ಹೊರಗೇ ಅಪಾಯ ಜಾಸ್ತಿ. ಬಸ್ಸಿನ ಸುತ್ತ ಸುಮಾರು 3 ಮೀಟರ್ ಜಾಗದಲ್ಲಿ ಪುಟ್ಟ ಮಗು ನಿಂತರೆ ಡ್ರೈವರ್‌ಗೆ ಕಾಣದೇ ಇರಬಹುದು. ಮಗುವಿಗೆ ಮಾತ್ರ ಬಸ್ ಅಷ್ಟು ದೊಡ್ಡದಾಗಿ ಕಾಣುತ್ತದಲ್ಲ, ತಾನೂ ಡ್ರೈವರ್‌ಗೆ ಕಾಣುತ್ತೇನೆ ಅಂದುಕೊಳ್ಳುತ್ತದೆ. ಬಿದ್ದ ಬಾಟಲಿ ಎತ್ತಿಕೊಳ್ಳಲು ಚಕ್ರದ ಹತ್ತಿರ ಬಗ್ಗುವುದು, ಬಸ್ಸಿನ ಮುಂದೆಯೇ ಓಡಿ ರಸ್ತೆ ದಾಟುವುದು, ಇವೆರಡೂ ನಾನು ದಿನಾ ಕಾಣುವ ದೃಶ್ಯಗಳು. ಉಬ್ಬು ಕನ್ನಡಿ, ನಾಲ್ಕೂ ಕಡೆಯ ಕ್ಯಾಮೆರಾ, ಹತ್ತಿರ ಯಾರಾದರೂ ಬಂದರೆ ಬೀಪ್ ಅನ್ನುವ ಸೆನ್ಸರ್ ಇದ್ದರೆ ಒಳ್ಳೆಯದು. ಮಗುವಿಗೆ ಮಾತ್ರ ಹೀಗೆ ಕಲಿಸಿ: ಏನಾದರೂ ಬಿದ್ದರೆ ಎತ್ತಬೇಡ, ಡ್ರೈವರ್‌ಗೆ ಹೇಳು.

ಅಂದಹಾಗೆ ಶಾಲಾ ಬಸ್ಸಿನ ಹಳದಿ ಬಣ್ಣವೂ ಒಂದು ಸುರಕ್ಷಾ ಸಾಧನವೇ. 1939ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಫ್ರಾಂಕ್ ಸಿರ್ ಕರೆದ ಸಭೆಯಲ್ಲಿ ಆ ಬಣ್ಣವನ್ನು ಆರಿಸಿದರು. ಮುಂಜಾನೆಯ ಮಬ್ಬು ಬೆಳಕಿನಲ್ಲೂ ಹಳದಿಯ ಮೇಲಿನ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ. ಚಾರ್ಜ್ ಮಾಡುವ ತಲೆನೋವೂ ಇಲ್ಲ.

ಮಗುವಿಗೆ ಸ್ಮಾರ್ಟ್ ವಾಚ್ ಕಟ್ಟಿಬಿಡಲಾ? ಅಥವಾ ಬ್ಯಾಗಿಗೆ ಏರ್‌ಟ್ಯಾಗ್ ಹಾಕಲಾ?

ಏರ್‌ಟ್ಯಾಗ್ ಅಂದರೆ ಕಳೆದ ವಸ್ತು ಹುಡುಕಲು ಆಪಲ್ ಕಂಪನಿ ಮಾಡಿದ ಪುಟ್ಟ ಬಿಲ್ಲೆ, 2021ರಲ್ಲಿ ಬಂತು. ಅದರಲ್ಲಿ ಜಿಪಿಎಸ್ ಇಲ್ಲ. ಅಕ್ಕಪಕ್ಕದಲ್ಲಿ ಹಾದುಹೋಗುವ ಆಪಲ್ ಫೋನುಗಳು ಅದರ ಬ್ಲೂಟೂತ್ ಸಿಗ್ನಲ್ ಹಿಡಿದು ಜಾಗ ತಿಳಿಸುತ್ತವೆ. ಹತ್ತಿರ ಅಂಥ ಫೋನೇ ಇಲ್ಲದಿದ್ದರೆ ಅದು ಮೌನ. ಇದು ವಸ್ತು ಹುಡುಕಲು ಮಾಡಿದ್ದು, ಮನುಷ್ಯರ ಮೇಲೆ ಕಣ್ಣಿಡಲು ಅಲ್ಲ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಬ್ಯಾಗ್ ಕಳೆದರೆ ಹುಡುಕಲು ಇರಲಿ.

ವಾಚ್ ಕೊಳ್ಳುವುದಾದರೆ ಸ್ವಲ್ಪ ಎಚ್ಚರ. 2017ರಲ್ಲಿ ನಾರ್ವೆಯ ಗ್ರಾಹಕ ಮಂಡಳಿ ಮಕ್ಕಳ ಕೆಲವು ವಾಚುಗಳನ್ನು ಪರೀಕ್ಷೆಗೆ ಹಚ್ಚಿತು. ಅಪರಿಚಿತರು ಒಳನುಗ್ಗಿ ಮಗು ಎಲ್ಲಿದೆ ಅಂತ ನೋಡಬಹುದಾದ ತೂತುಗಳು ಕೆಲವದರಲ್ಲಿ ಕಂಡವು. ಅದೇ ವರ್ಷ, ಸದ್ದಿಲ್ಲದೆ ಸುತ್ತಲಿನ ಮಾತು ಕದ್ದು ಕೇಳಿಸುವ ಮಕ್ಕಳ ವಾಚುಗಳ ಮಾರಾಟವನ್ನು ಜರ್ಮನಿ ನಿಷೇಧಿಸಿತು. ತರಗತಿಯಲ್ಲಿ ಬೇರೆ ಮಕ್ಕಳೂ ಇರುತ್ತಾರಲ್ವಾ, ಅವರ ಮಾತನ್ನು ಕೇಳುವ ಹಕ್ಕು ನಮಗೆ ಯಾರು ಕೊಟ್ಟರು? ಅಪ್‌ಡೇಟ್ ಕೊಡುವ ಕಂಪನಿಯ ವಾಚ್ ಕೊಳ್ಳಿ. ವಾಚಿನಲ್ಲಿ ಮೊದಲೇ ಇರುವ ಪಾಸ್‌ವರ್ಡನ್ನು ಡಬ್ಬಿ ಬಿಚ್ಚಿದ ದಿನವೇ ಬದಲಿಸಿ. ನೀವು ಸೇರಿಸಿದ ನಂಬರಿನಿಂದ ಮಾತ್ರ ಕರೆ ಬರುವಂತೆ ಇಡಿ.

ಬಸ್ಸಿನ ಲೈವ್ ಲಿಂಕನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಹಾಕಬಹುದಾ?

ಬೇಡವೇ ಬೇಡ. ಆ ಗುಂಪಿನಲ್ಲಿ ಯಾರಿದ್ದಾರೆ, ಯಾರು ಬಿಟ್ಟುಹೋದರು, ಯಾರು ಮುಂದಕ್ಕೆ ಕಳಿಸಿದರು ಅಂತ ಲೆಕ್ಕ ಇಡುವವರಿಲ್ಲ. ಯಾವ ಸ್ಟಾಪಿನಲ್ಲಿ ಎಷ್ಟು ಹೊತ್ತಿಗೆ ಮಕ್ಕಳು ಇಳಿಯುತ್ತಾರೆ ಅನ್ನುವುದನ್ನು ಊರಿಗೆಲ್ಲ ಸಾರಿದ ಹಾಗಾಗುತ್ತದೆ.

ಮಗ ಈಗ ದೊಡ್ಡವನು, ನಡೆದೇ ಬರುತ್ತಾನೆ. ಫೋನಿನ ಲೊಕೇಶನ್ ನೋಡುತ್ತಿರಲಾ?

ನೋಡಿ, ಆದರೆ ಅವನಿಗೆ ಹೇಳಿ ನೋಡಿ. ಗುಟ್ಟಾಗಿ ನೋಡಿದ್ದು ಗೊತ್ತಾದ ದಿನ ಫೋನನ್ನು ಗೆಳೆಯನ ಬ್ಯಾಗಿನಲ್ಲಿಟ್ಟು ಹೋಗುತ್ತಾನೆ. ದಾರಿಯಲ್ಲಿ ಒಂದೆರಡು ಕಡೆ, ಮನೆ ಹತ್ತಿರ ಒಂದು ಕಡೆ ಜಿಯೋಫೆನ್ಸ್ ಹಾಕಿಕೊಂಡರೆ ಮುಗಿಯಿತು. ಅಂದರೆ ಮ್ಯಾಪಿನಲ್ಲಿ ಒಂದು ವೃತ್ತ ಎಳೆಯುವುದು, ಫೋನ್ ಅದರೊಳಗೆ ಬಂದಾಗ ಮೆಸೇಜ್ ಬರುತ್ತದೆ. ವೃತ್ತ ತೀರಾ ಚಿಕ್ಕದಾದರೆ ಮನೆಯೊಳಗೆ ಕೂತಿದ್ದರೂ ‘ಹೊರಗೆ ಹೋದ’ ಅನ್ನುತ್ತದೆ. 100-150 ಮೀಟರ್ ಇಟ್ಟು ನೋಡಿ. ರಸ್ತೆ ದಾಟುವಾಗ ಮಾತ್ರ ಫೋನ್ ಜೇಬಿನಲ್ಲಿ, ಇಯರ್‌ಫೋನ್ ಕಿವಿಯಿಂದ ಆಚೆ. ಈ ಒಂದು ವಿಷಯದಲ್ಲಿ ರಾಜಿ ಬೇಡ.

ನನ್ನ ಮಗಳಿಗೆ ಮಾತು ಬರುವುದಿಲ್ಲ. ಅವಳಿಗೆ ಇದೆಲ್ಲ ಹೇಗೆ?

ಅವಳ ದಾಖಲೆಯಲ್ಲಿ ಎರಡು ಮೂರು ಸಾಲು ಬರೆಸಿ, ಹೊಸ ಅಟೆಂಡರ್ ಬಂದರೂ ಟ್ಯಾಬಿನಲ್ಲಿ ಕಾಣುವಂತಿರಲಿ. ಯಾವ ಸದ್ದಿಗೆ ಹೆದರುತ್ತಾಳೆ, ಬೇಡ ಅನ್ನುವುದನ್ನು ಹೇಗೆ ತೋರಿಸುತ್ತಾಳೆ, ಯಾವ ಸೀಟಿನಲ್ಲಿ ಕೂತರೆ ಸಮಾಧಾನ. ಟ್ಯಾಪ್ ಮಾಡಿದಾಗಿನ ಬೀಪ್ ಕೆಲವು ಮಕ್ಕಳಿಗೆ ತಡೆಯಲಾಗದ ಹಿಂಸೆ. ಅದನ್ನು ಬೆಳಕಿಗೆ ಬದಲಿಸಬಹುದಾ ಅಂತ ಕೇಳಿ, ಬಹಳಷ್ಟು ರೀಡರ್‌ಗಳಲ್ಲಿ ಅದು ಒಂದು ಸೆಟ್ಟಿಂಗ್ ಅಷ್ಟೇ. ಇಳಿಸುವಾಗ ಕೈಗೆ ಕೈ ಕೊಟ್ಟೇ ಒಪ್ಪಿಸಬೇಕು. ಸ್ಟಾಪಿನಲ್ಲಿ ಯಾರೂ ಇಲ್ಲದಿದ್ದರೆ ಮಗು ಬಸ್ಸಿನಲ್ಲೇ ಇರುತ್ತದೆ, ಶಾಲೆಗೆ ವಾಪಸ್ ಬರುತ್ತದೆ. ಪುಟ್ಟ ಮಕ್ಕಳಿಗೂ ಇದೇ ನಿಯಮ.

ನೆಟ್ ಹೋದರೆ, ಸರ್ವರ್ ಬಿದ್ದರೆ?

ಕಾಗದದ ಪಟ್ಟಿ ತೆಗೆಯುತ್ತೇವೆ. ಪ್ರತಿ ಬಸ್ಸಿನಲ್ಲೂ ಅವತ್ತಿನ ಪಟ್ಟಿಯ ಪ್ರಿಂಟ್, ಒಂದು ಪೆನ್ ಇರುತ್ತದೆ. ಪೆನ್ನಿಗೆ ದಾರ ಕಟ್ಟಿದ್ದೇವೆ, ಇಲ್ಲದಿದ್ದರೆ ಅದೂ ಮಾಯ.

ಶಾಲೆ ಹೊಸ ಆಪ್ ತರುತ್ತಿದೆ. ಮೀಟಿಂಗಿನಲ್ಲಿ ಏನು ಕೇಳಲಿ?

ನಮ್ಮ ಮಕ್ಕಳ ಮಾಹಿತಿ ಎಲ್ಲಿ ಇರುತ್ತದೆ, ಎಷ್ಟು ದಿನ ಇಡುತ್ತೀರಿ, ಮಗು ಶಾಲೆ ಬಿಟ್ಟ ಮೇಲೆ ಅಳಿಸುತ್ತೀರಾ ಅಂತ ಕೇಳಿ. ಒಬ್ಬ ಪೋಷಕರಿಗೆ ಇನ್ನೊಬ್ಬರ ಮಗುವಿನ ಸ್ಟಾಪ್ ಕಾಣುತ್ತದಾ ಅಂತ ಕೇಳಿ. ಆಮೇಲೆ ಎಲ್ಲರೂ ಮರೆಯುವ ಪ್ರಶ್ನೆ ಒಂದಿದೆ: ಅಲರ್ಟ್ ಬಂದಾಗ ಅದನ್ನು ನೋಡುವವರು ಯಾರು? ಸಂಜೆ ಐದೂವರೆಗೆ ‘ಬಸ್ ದಾರಿ ತಪ್ಪಿದೆ’ ಅಂತ ಕಂಪ್ಯೂಟರ್ ಕೂಗಿದರೆ, ಆಫೀಸಿಗೆ ಬೀಗ ಹಾಕಿದ್ದರೆ, ಕೇಳುವವರು ಯಾರು? ಕೊನೆಯ ಮಗು ಇಳಿಯುವವರೆಗೆ ಪರದೆ ನೋಡುತ್ತಾ ಒಬ್ಬರು ಕೂತಿರಬೇಕು, ಅವರ ಹೆಸರು, ನಂಬರು ನಿಮಗೆ ಗೊತ್ತಿರಬೇಕು.

ಮೆಸೇಜ್ ಜಾಸ್ತಿ ಕಳಿಸುವ ಆಪ್ ಒಳ್ಳೆಯದು ಅನ್ನುವ ಭ್ರಮೆಯೂ ಬೇಡ. ದಿನಕ್ಕೆ 12 ಸಲ ಟಿಂಗ್ ಅಂದರೆ ಮೂರನೇ ದಿನ ನೀವೇ ಮ್ಯೂಟ್ ಮಾಡುತ್ತೀರಿ. ಹತ್ತಿದೆ, ಇಳಿದಿದೆ, ಏನೋ ಸರಿಯಿಲ್ಲ. ಈ ಮೂರು ಸಾಕು.

ಪೋಷಕರಾಗಿ ನಾನು ಇವತ್ತೇ ಮಾಡಬಹುದಾದದ್ದು ಏನಾದರೂ ಇದೆಯಾ?

ಶಾಲೆಯ ದಾಖಲೆಯಲ್ಲಿರುವ ನಿಮ್ಮ ನಂಬರ್ ಸರಿಯಿದೆಯಾ ಅಂತ ನೋಡಿ. ಒಂದು ಸಲ ಬಸ್ ಕೆಟ್ಟು ನಿಂತಾಗ ಎಲ್ಲರಿಗೂ ಕರೆ ಮಾಡುತ್ತಾ ಹೋದೆ. ಒಂದು ಮಗುವಿನ ‘ತುರ್ತು ನಂಬರ್’ ಎತ್ತಿದವರು ಯಾರೋ ಅಪರಿಚಿತರು. ‘ಈ ಸಿಮ್ ತಗೊಂಡು ಮೂರು ತಿಂಗಳಾಯ್ತು ಸರ್, ದಿನಾ ಸಂಜೆ ಯಾವುದೋ ಮಗು ಬಸ್ ಹತ್ತಿತು ಅಂತ ಮೆಸೇಜ್ ಬರ್ತಾ ಇರುತ್ತೆ’ ಅಂದರು.